ಊರಿಗೊಂದು ಹೊಸ ಕುಲುಮೆ

‘ಹ್ಯಾಕರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಬ್ಯಾಂಕಿನ ಖಾತೆಗೆ ಕನ್ನ ಹಾಕುವ ಕಳ್ಳನ ನೆನಪಾಗುತ್ತದೆ. ವೃತ್ತಪತ್ರಿಕೆಗಳು ಆ ಶಬ್ದವನ್ನು ಹಾಗೆಯೇ ಬಳಸುತ್ತವೆ. ಅದರಲ್ಲಿ ಓದುಗರ ತಪ್ಪೇನೂ ಇಲ್ಲ. ಆದರೆ ಮನುಷ್ಯರಂತೆ ಶಬ್ದಗಳಿಗೂ ಒಂದು ಜಾತಕವುಂಟು. ಅದನ್ನು ಬಿಡಿಸಿ ನೋಡಿದರೆ ಕೆಲವೊಮ್ಮೆ ಕಳ್ಳನೆಂದು ಹೆಸರಾದವನು ಒಳ್ಳೆಯ ಮನೆತನದವನೆಂದು ತಿಳಿದುಬರುತ್ತದೆ.

ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಆಟದ ರೈಲುಗಾಡಿಗಳನ್ನು ಕಟ್ಟಿ ಓಡಿಸುವ ವಿದ್ಯಾರ್ಥಿಗಳ ಕೂಟವೊಂದಿತ್ತು. ಹಳೆಯ ಟೆಲಿಫೋನು ಯಂತ್ರಗಳ ಬಿಡಿಭಾಗಗಳನ್ನು ತಂದು, ತಂತಿ ಜೋಡಿಸಿ, ಹಳಿಗಳು ತಾವಾಗಿಯೇ ದಿಕ್ಕು ಬದಲಿಸುವಂತೆ ಆ ಹುಡುಗರು ಮಾಡುತ್ತಿದ್ದರು. ಯಾರಾದರೊಬ್ಬರು ಹೊಸದೊಂದು ಜಾಣ ಉಪಾಯ ಹೂಡಿದರೆ ಅದಕ್ಕೆ ‘ಹ್ಯಾಕ್’ ಎಂದು ಹೆಸರು. ೧೯೫೦ರ ದಶಕದಲ್ಲಿ ಅವರ ಬಾಯಲ್ಲಿದ್ದ ಈ ಮಾತು ಮುಂದೆ ಕಂಪ್ಯೂಟರಿನವರ ಮಾತಾಯಿತು. ಇರುವ ವಸ್ತುವನ್ನು ಬಿಚ್ಚಿ, ಅದರ ಮರ್ಮ ತಿಳಿದು, ಅದರಿಂದ ಇಲ್ಲದ ಕೆಲಸವೊಂದನ್ನು ಮಾಡಿಸುವವನೇ ಮೂಲಾರ್ಥದಲ್ಲಿ ಹ್ಯಾಕರ್. ಹಂಪಿ, ಆನೆಗೊಂದಿಗಳ ನಡುವೆ ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನು ನೀವು ನೋಡಿದ್ದೀರಿ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅಂಬಿಗನು ಹ್ಯಾಕ್ ಎಂಬ ಮಾತನ್ನು ಕೇಳಿರಲಾರನು. ಆದರೆ ಅವನು ಮಾಡಿದ್ದು ಅದನ್ನೇ.

ಇಂಥ ಜನ ಒಂದೆಡೆ ಕಲೆತು, ಉಪಕರಣಗಳನ್ನು ಒಟ್ಟಾಗಿ ಕೊಂಡು, ಒಟ್ಟಾಗಿ ಕೆಲಸ ಮಾಡುವ ಜಾಗಕ್ಕೆ ‘ಹ್ಯಾಕರ್ ಸ್ಪೇಸ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಹೊಸ ಪದ ಟಂಕಿಸುವ ಗೋಜಿಗೆ ನಾನು ಹೋಗುವುದಿಲ್ಲ. ನಮ್ಮಲ್ಲಿ ಹಳೆಯ ಪದವೇ ಇದೆ: ಕುಲುಮೆ. ಹಳ್ಳಿಯ ಕುಲುಮೆಗೆ ಕುಳ ತಟ್ಟಿಸಲು ಬಂದ ರೈತನು ಸುಮ್ಮನೆ ಕುಳಿತಿರುತ್ತಿರಲಿಲ್ಲ. ತಾನೇ ತಿದಿ ಒತ್ತುತ್ತಿದ್ದ, ಇದ್ದಿಲು ಸರಿಸುತ್ತಿದ್ದ, ಪಕ್ಕದವನ ಕುಡಗೋಲನ್ನು ಹಿಡಿದುಕೊಡುತ್ತಿದ್ದ. ಕೆಲಸವೂ ಆಗುತ್ತಿತ್ತು, ಊರ ಸುದ್ದಿಯೂ ಆಗುತ್ತಿತ್ತು, ನಿಂತು ನೋಡುವ ಹುಡುಗರಿಗೆ ಪಾಠವೂ ಆಗುತ್ತಿತ್ತು. ಹೊಸ ಕುಲುಮೆಯಲ್ಲಿ ತಿದಿಯ ಬದಲು ಬೆಸುಗೆಯ ಯಂತ್ರ, ಸಣ್ಣದೊಂದು ಲೇತ್, ರೇಡಿಯೋ ರಿಪೇರಿಯ ಸಲಕರಣೆ, ಕಂಪ್ಯೂಟರು, ಹೊಲಿಗೆ ಯಂತ್ರ ಇವೆಲ್ಲ ಇರುತ್ತವೆ. ಧರ್ಮ ಮಾತ್ರ ಹಳೆಯದೇ: ಬಂದವನು ತಿದಿ ಒತ್ತಬೇಕು.

ಇದು ಶಾಲೆಯಲ್ಲ, ಅಂಗಡಿಯೂ ಅಲ್ಲ. ಶಾಲೆಯಲ್ಲಿ ಪಠ್ಯವೂ ಗಂಟೆಯೂ ಇವೆ. ೨೦೧೬ರಿಂದೀಚೆಗೆ ಕೇಂದ್ರ ಸರಕಾರವು ದೇಶದ ಅನೇಕ ಶಾಲೆಗಳಿಗೆ ‘ಅಟಲ್ ಟಿಂಕರಿಂಗ್’ ಪ್ರಯೋಗಶಾಲೆಗಳನ್ನು ಕೊಟ್ಟಿದೆ, ಒಳ್ಳೆಯದೇ ಆಯಿತು. ಆದರೆ ಸಂಜೆಯ ಗಂಟೆ ಬಾರಿಸಿದ ಮೇಲೆ ಅದಕ್ಕೆ ಬೀಗ. ಹುಡುಗನು ಶಾಲೆ ಬಿಟ್ಟ ಮೇಲೆ ಅವನಿಗೂ ಅದಕ್ಕೂ ನಂಟು ಕಡಿಯಿತು. ಅಂಗಡಿಯಲ್ಲಾದರೋ ಕೆಲಸ ಮುಗಿಸಿಕೊಡುತ್ತಾರೆ, ಹೇಗೆ ಮಾಡಿದೆವೆಂದು ಹೇಳಿಕೊಡಲು ಅವರಿಗೆ ಪುರಸೊತ್ತಿಲ್ಲ. ಇವೆರಡರ ನಡುವಿನ ತೆರಪನ್ನು ತುಂಬುವುದು ಹೊಸ ಕುಲುಮೆಯ ಕೆಲಸ.

ಹೊರನಾಡುಗಳಲ್ಲಿ ಇದು ಬೆಳೆದ ಬಗೆಯನ್ನು ಸ್ವಲ್ಪ ನೋಡೋಣ. ೧೯೮೧ರಲ್ಲಿ ಬರ್ಲಿನ್ನಿನ ಒಂದು ಪತ್ರಿಕಾ ಕಚೇರಿಯಲ್ಲಿ ಮೇಜಿನ ಸುತ್ತ ಕುಳಿತ ಕೆಲವರು ‘ಕೇಯಾಸ್ ಕಂಪ್ಯೂಟರ್ ಕ್ಲಬ್’ ಎಂಬ ಕೂಟ ಕಟ್ಟಿದರು. ೧೯೯೫ರಲ್ಲಿ ಅದೇ ನಗರದಲ್ಲಿ ‘ಸಿ-ಬೇಸ್’ ಎಂಬ ಸ್ಥಿರವಾದ ನೆಲೆ ಹುಟ್ಟಿತು. ೨೦೦೬ರಲ್ಲಿ ವಿಯೆನ್ನಾ ನಗರದಲ್ಲಿ ‘ಮೆಟಾಲ್ಯಾಬ್’. ೨೦೦೭ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಯೆನ್ಸ್ ಓಲಿಗ್, ಲಾರ್ಸ್ ವೈಲರ್ ಎಂಬಿಬ್ಬರು ಇಂಥ ನೆಲೆಗಳನ್ನು ನಡೆಸಿದ ಅನುಭವವನ್ನೆಲ್ಲ ಸೂತ್ರರೂಪವಾಗಿ ಮುಂದಿಟ್ಟರು. ಅದನ್ನು ಹಿಡಿದುಕೊಂಡು ಅಮೆರಿಕದಲ್ಲಿಯೂ ಇತರ ದೇಶಗಳಲ್ಲಿಯೂ ನೂರಾರು ನೆಲೆಗಳು ಎದ್ದವು. ಆ ಸೂತ್ರಗಳಲ್ಲಿ ಯಂತ್ರಗಳ ಮಾತು ಕಡಿಮೆ. ಬಾಡಿಗೆ, ಚಂದಾ, ಅಡಿಗೆಮನೆ, ಜಗಳ, ಸಭೆಯ ದಿನ ಇವುಗಳ ಮಾತೇ ಹೆಚ್ಚು. ಅನುಭವಿಗಳ ಮಾತು ಹಾಗೆಯೇ ಇರುತ್ತದೆ.

ಆದರೆ ದೃಷ್ಟಾಂತಕ್ಕಾಗಿ ಜರ್ಮನಿಯವರೆಗೆ ಹೋಗಬೇಕಾಗಿಲ್ಲ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ನಿಮಗೆ ಬಾನುಲಿಯ ಕಥೆಯೇ ಸಾಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಲ್ಲಿಯೇ ೩೦ ವಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ಇಟ್ಟು ಪ್ರಸಾರವನ್ನು ಆರಂಭಿಸಿದರು. ಅದು ಹಳೆಯ ಕಾಲದ ಒಂದು ಸಾಮಾನ್ಯ ವಿದ್ಯುದ್ದೀಪಕ್ಕಿಂತಲೂ ಕಡಿಮೆಯ ಶಕ್ತಿ. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಮನಶ್ಶಾಸ್ತ್ರದ ಮೇಷ್ಟ್ರಿಗೂ ರೇಡಿಯೋ ಯಂತ್ರಕ್ಕೂ ಏನು ಸಂಬಂಧ ಎಂದು ಕೇಳಿದರೆ, ಕುತೂಹಲವೊಂದೇ ಸಂಬಂಧ. ಇದಕ್ಕಿಂತ ಒಳ್ಳೆಯ ಹ್ಯಾಕ್ ನಮ್ಮ ನಾಡಿನಲ್ಲಿ ಇನ್ನೊಂದು ನಡೆದಿರಲಾರದು.

ಈ ಕಥೆಗೆ ಇನ್ನೊಂದು ಭಾಗವಿದೆ. ಕೇಂದ್ರವು ನಡೆದದ್ದು ಬಹುಮಟ್ಟಿಗೆ ಗೋಪಾಲಸ್ವಾಮಿಯವರ ಸ್ವಂತ ಹಣದಿಂದ. ಸಾರ್ವಜನಿಕರೂ ಮೈಸೂರಿನ ಪುರಸಭೆಯೂ ಒಂದಿಷ್ಟು ನೆರವು ಕೊಟ್ಟದ್ದುಂಟು. ಒಬ್ಬ ಗೃಹಸ್ಥನ ಸಂಬಳದ ಮೇಲೆ ಒಂದು ಬಾನುಲಿ ಎಷ್ಟು ದಿನ ನಿಂತೀತು? ೧೯೪೨ರಲ್ಲಿ ಅದನ್ನು ಮೈಸೂರು ಸಂಸ್ಥಾನ ಸರಕಾರ ವಹಿಸಿಕೊಂಡಿತು. ಸರಕಾರ ವಹಿಸಿಕೊಂಡದ್ದರಿಂದ ಅದು ಉಳಿಯಿತು, ಬೆಳೆಯಿತು. ಆದರೆ ಎಲ್ಲ ಕುಲುಮೆಗಳನ್ನೂ ವಹಿಸಿಕೊಳ್ಳಲು ಮಹಾರಾಜರು ಬರುವುದಿಲ್ಲ. ಒಬ್ಬನ ಉತ್ಸಾಹ ಆರಂಭಕ್ಕೆ ಸಾಕು, ಉಳಿವಿಗೆ ಸಾಲದು ಎಂಬುದೇ ಇಲ್ಲಿಯ ಪಾಠ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಹಣವಿಲ್ಲದೆ ಆಗುವುದೆ ಎಂಬ ಸಂಶಯವುಳ್ಳವರಿಗೆ ಬೆಂಗಳೂರಿನ ಇನ್ನೊಂದು ನಿದರ್ಶನ ಹೇಳುತ್ತೇನೆ. ಗುರಪ್ಪನಪಾಳ್ಯದ ಕೊಳೆಗೇರಿಯೊಂದರಲ್ಲಿ ಕರ್ನಾಟಕದ ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕ ಯುವತಿಯರು ಅಂಬೇಡ್ಕರರ ಹೆಸರಿನಲ್ಲಿ ಸಮುದಾಯ ಕಂಪ್ಯೂಟರ್ ಕೇಂದ್ರವೊಂದನ್ನು ಕಟ್ಟಿದರು. ಇತರರು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರುಗಳು, ಬೆಲೆ ಕೊಡಬೇಕಾಗಿಲ್ಲದ ತಂತ್ರಾಂಶ, ರಜೆಯ ದಿನ ಬಂದು ಕಲಿಸುವ ಸ್ವಯಂಸೇವಕರು, ಇಷ್ಟೇ ಬಂಡವಾಳ. ಅಲ್ಲಿಯ ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಕಲಿತವರು ತಮಗಿಂತ ಚಿಕ್ಕವರಿಗೆ ಕಲಿಸಿದರು.

ಹಾಗಾದರೆ ನಮ್ಮ ಹೊಸಪೇಟೆಗೆ ಇದು ಏತಕ್ಕೆ ಬೇಕು? ಈ ಊರಿನ ಕೈಗಳಿಗೆ ಏನು ತಿಳಿದಿದೆ ಎಂಬುದನ್ನು ನಾವೇ ಮರೆತಿದ್ದೇವೆ. ಅಣೆಕಟ್ಟು ಕಟ್ಟುವಾಗ ಹುಟ್ಟಿದ ಕಾರ್ಯಾಗಾರದಿಂದ ಬೆಳೆದದ್ದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ. ೧೯೬೦ರಲ್ಲಿ ಕಂಪೆನಿಯಾಗಿ, ದೇಶದ ನಾನಾ ಜಲಾಶಯಗಳಿಗೆ ಗೇಟುಗಳನ್ನೂ ಅವನ್ನೆತ್ತುವ ಯಂತ್ರಗಳನ್ನೂ ಅದು ಮಾಡಿಕೊಟ್ಟಿತು. ೨೦೧೫ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಕಾರ್ಖಾನೆಗೆ ಬೀಗ ಬೀಳಬಹುದು, ಯಂತ್ರಗಳು ಹರಾಜಾಗಬಹುದು. ಕೈಗಳಲ್ಲಿದ್ದ ವಿದ್ಯೆಯನ್ನು ಯಾರು ಹರಾಜು ಹಾಕುತ್ತಾರೆ? ಅದು ಮನೆಯ ಜಗುಲಿಯ ಮೇಲೆ ಸುಮ್ಮನೆ ಕುಳಿತು ಮುಪ್ಪಾಗುತ್ತದೆ.

ಆ ವಿದ್ಯೆಯ ಬೆಲೆ ೨೦೨೪ರ ಆಗಸ್ಟ್ ೧೦ರ ರಾತ್ರಿ ನಮಗೆಲ್ಲ ಗೊತ್ತಾಯಿತು. ತುಂಬಿದ ಜಲಾಶಯದ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ರೈತರ ಬೆಳೆಯ ನೀರು ಕಣ್ಣೆದುರಿಗೆ ಹರಿದುಹೋಗುತ್ತಿತ್ತು. ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುಮಾರು ೬೦ ಅಡಿ ಅಗಲದ ಆ ಬಾಯಿಗೆ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ಉಪಾಯ ಹೂಡಲಾಯಿತು. ಆ ಹಲಗೆಗಳು ತಯಾರಾದದ್ದು ದೂರದ ದೇಶದಲ್ಲಲ್ಲ. ಹೊಸಪೇಟೆಯ ಸುತ್ತಿನ ಕಾರ್ಖಾನೆಗಳಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ. ಹರಿಯುವ ನೀರಿನಲ್ಲಿಯೇ ಅವನ್ನಿಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು. ಇದನ್ನು ಮಾಡಿದ್ದು ಅನುಭವದ ತಲೆ, ಪಳಗಿದ ಕೈ. ಇಂಥ ತಲೆಯೂ ಕೈಯೂ ಮುಂದಿನ ತಲೆಮಾರಿಗೆ ಎಲ್ಲಿ ಸಿದ್ಧವಾಗುತ್ತಿವೆ? ನಮ್ಮ ಶಾಲೆಯ ಜಾಣ ಹುಡುಗನಿಗೆ ಗೇಟಿನ ಚಿತ್ರ ಬರೆಯಲು ಬರುತ್ತದೆ, ಬೋಲ್ಟು ಬಿಗಿಯಲು ಬಾರದು. ಗ್ಯಾರೇಜಿನ ಹುಡುಗನಿಗೆ ಬೋಲ್ಟು ಬಿಗಿಯಲು ಬರುತ್ತದೆ, ಚಿತ್ರ ಓದಲು ಬಾರದು. ಇವರಿಬ್ಬರೂ ನಿವೃತ್ತ ಫಿಟ್ಟರರೊಬ್ಬರೊಡನೆ ವಾರಕ್ಕೊಂದು ಸಂಜೆ ಒಂದೇ ಮೇಜಿನ ಬಳಿ ನಿಲ್ಲುವಂತಾದರೆ ಅದೇ ಹೊಸ ಕುಲುಮೆ.

ಇನ್ನು ಅದನ್ನು ಕಟ್ಟುವ ಬಗೆ.

ಮೊದಲು ಜನ, ಆಮೇಲೆ ಕೋಣೆ, ಕೊನೆಗೆ ಯಂತ್ರ. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ದೊಡ್ಡ ಯಂತ್ರ ಕೊಂಡು ಜನ ಬರಲೆಂದು ಕಾದವರು ಧೂಳು ಒರೆಸುತ್ತ ಕುಳಿತಿರುತ್ತಾರೆ. ಐದಾರು ಮಂದಿ ಆಸಕ್ತರು ಸಿಕ್ಕರೆ ಯಾರದಾದರೂ ಮನೆಯ ಪಡಸಾಲೆಯಲ್ಲಿಯೇ ಆರಂಭಿಸಿರಿ. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಅದನ್ನು ತಪ್ಪಿಸಬೇಡಿ. ಎಲ್ಲರಿಗೂ ಒಪ್ಪಿಗೆಯಾಗುವ ದಿನ ಪಂಚಾಂಗದಲ್ಲಿಯೇ ಇಲ್ಲ. ಆದ್ದರಿಂದ ಮಂಗಳವಾರವೆಂದು ಇಟ್ಟುಬಿಡಿ ಎಂದು ಜರ್ಮನಿಯವರ ಸೂತ್ರ. ನಮ್ಮಲ್ಲಿ ಮಂಗಳವಾರ ಹೊಸ ಕೆಲಸಕ್ಕೆ ಕೈಹಾಕಲು ಹಿಂಜರಿಯುವವರು ಹಲವರು, ಗುರುವಾರವೆನ್ನೋಣ. ಇಬ್ಬರೇ ಬಂದರೂ ಬಾಗಿಲು ತೆರೆಯಬೇಕು. ಬಾಗಿಲು ತೆರೆದಿರುತ್ತದೆಂಬ ನಂಬಿಕೆಯಿಂದಲೇ ಮೂರನೆಯವನು ಬರುವುದು.

ಎರಡನೆಯದು ಹಣ. ಲೆಕ್ಕವನ್ನು ಹೀಗೆ ಹಿಡಿಯಿರಿ. ಕೋಣೆಯ ಬಾಡಿಗೆ ತಿಂಗಳಿಗೆ ೮,೦೦೦ ರೂಪಾಯಿ, ವಿದ್ಯುತ್ತು ೧,೫೦೦, ಇಂಟರ್‌ನೆಟ್ಟು ೮೦೦, ಸಾಮಾನು ಮತ್ತು ರಿಪೇರಿ ೧,೭೦೦, ಒಟ್ಟು ೧೨,೦೦೦. ದುಡಿಯುವ ೩೦ ಮಂದಿ ತಲೆಗೆ ೪೦೦ರಂತೆ ಕೊಟ್ಟರೆ ೧೨,೦೦೦ ಬಂತು. ೧೫ ಮಂದಿ ವಿದ್ಯಾರ್ಥಿಗಳು ನೂರರಂತೆ ಕೊಟ್ಟರೆ ೧,೫೦೦ ಉಳಿಯಿತು. ಈ ಉಳಿಕೆಯನ್ನು ಮುಟ್ಟದೆ ಇಟ್ಟರೆ ಎರಡು ವರ್ಷಕ್ಕೆ ೩೬,೦೦೦, ಎಂದರೆ ಮೂರು ತಿಂಗಳ ಖರ್ಚು ಕೈಯಲ್ಲಿರುತ್ತದೆ. ದುಡಿಯುವವರಲ್ಲಿ ಐವರು ಬಿಟ್ಟುಹೋದರೂ ತಿಂಗಳಿಗೆ ಕೊರತೆ ಬೀಳುವುದು ೫೦೦ ಮಾತ್ರ. ಅದೇ ಒಬ್ಬ ಧನಿಕರೇ ತಿಂಗಳಿಗೆ ಹತ್ತು ಸಾವಿರ ಕೊಡುತ್ತಿದ್ದು, ಒಂದು ದಿನ ಮನಸ್ಸು ಬದಲಿಸಿದರೆ? ಮರುದಿನವೇ ಬಾಗಿಲಿಗೆ ಬೀಗ. ದಾನ ಬೇಡವೆಂದಲ್ಲ, ದಾನದಿಂದ ಲೇತ್ ಕೊಳ್ಳಿರಿ, ಬಾಡಿಗೆಯನ್ನು ಚಂದಾದಿಂದಲೇ ಕೊಡಿರಿ.

ಮೂರನೆಯದು ಕಾಯಿದೆ. ಇಂಥ ಕೂಟಕ್ಕೆ ಮೂರು ದಾರಿಗಳುಂಟು. ಟ್ರಸ್ಟು ಮಾಡಿದರೆ ಅಧಿಕಾರ ಧರ್ಮದರ್ಶಿಗಳದು, ಸದಸ್ಯರಿಗೆ ಮತವಿರಬೇಕಾದ್ದಿಲ್ಲ. ೨೦೧೩ರ ಕಂಪೆನಿ ಕಾಯ್ದೆಯ ೮ನೆಯ ಪ್ರಕರಣದಂತೆ ಲಾಭವಿಲ್ಲದ ಕಂಪೆನಿ ಮಾಡಬಹುದು. ಅದಕ್ಕೆ ಕಾಗದಪತ್ರದ ಹೊರೆ ಹೆಚ್ಚು. ಸಣ್ಣ ಊರಿನ ಕೂಟಕ್ಕೆ ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯೇ ಒಗ್ಗುತ್ತದೆ. ಹದಿನೆಂಟು ವರ್ಷ ತುಂಬಿದ ಏಳು ಮಂದಿ ಸೇರಿದರೆ ಸಂಘವಾಗಬಹುದು. ಜರ್ಮನಿಯ ಕಾಯಿದೆಯೂ ಏಳು ಮಂದಿಯನ್ನೇ ಕೇಳುತ್ತದೆಂಬುದು ಸ್ವಾರಸ್ಯದ ಸಂಗತಿ. ಉದ್ದೇಶಗಳನ್ನು ಹೇಳುವ ಜ್ಞಾಪನಪತ್ರ, ನಡವಳಿಕೆಯನ್ನು ಹೇಳುವ ನಿಯಮಾವಳಿ ಇವೆರಡನ್ನೂ ಬರೆದು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯವರಿಗೆ ಜಿಲ್ಲಾ ಕೇಂದ್ರ ಊರಲ್ಲೇ ಇದೆ. ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕೂಡಿಸಿ, ಪರಿಶೋಧಿಸಿದ ಲೆಕ್ಕವನ್ನು ಮಂಡಿಸಿ, ಸಭೆಯಾದ ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಲಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಕಳಿಸಬೇಕು. ಅನೇಕ ಸಂಘಗಳು ಎಡವುವುದು ಇಲ್ಲಿಯೇ. ಹುಟ್ಟಿಸುವ ಉತ್ಸಾಹ ಲೆಕ್ಕ ಒಪ್ಪಿಸುವಾಗ ಇರುವುದಿಲ್ಲ.

‘ಲಾಭವಿಲ್ಲದ ಸಂಘ’ ಎಂದರೆ ಹಣ ಉಳಿಯಕೂಡದೆಂದು ಅರ್ಥವಲ್ಲ; ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳಕೂಡದೆಂದು ಅರ್ಥ. ಸಂಘ ಮುಚ್ಚಿದರೂ ಲೇತ್ ಒಬ್ಬರ ಮನೆಗೆ, ಕಂಪ್ಯೂಟರು ಇನ್ನೊಬ್ಬರ ಮನೆಗೆ ಹೋಗುವಂತಿಲ್ಲ. ಅದೇ ಬಗೆಯ ಉದ್ದೇಶದ ಬೇರೊಂದು ಸಂಸ್ಥೆಗೆ ಹೋಗಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಓದಿ ಹೇಳಿರಿ. ಕೂಡಿ ಬಾಳುವ ಈ ವಿದ್ಯೆ ನಮಗೆ ಹೊಸದೇನಲ್ಲ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ೧೯೦೫ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಗದುಗಿನ ಸೀಮೆಯ ಕಣಗಿನಹಾಳದಲ್ಲಿ. ಸಂಡೂರಿನ ಕುಶಲಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕೂಡಿ ಕುಳಿತು ಸೂಜಿ ಹಿಡಿದದ್ದರಿಂದಲೇ ಅಲ್ಲಿಯ ಕಸೂತಿಯು ೨೦೧೦ರಲ್ಲಿ ಊರಿನ ಹೆಸರಿನ ಭೌಗೋಳಿಕ ಮಾನ್ಯತೆ ಪಡೆಯುವಷ್ಟು ಉಳಿದುಬಂದಿತು.

ನಾಲ್ಕನೆಯದು ಬೀಗದ ಕೈ. ಯಾರ ಬಳಿ ಬೀಗದ ಕೈ ಇದೆಯೋ ಜಾಗ ಅವರದೆಂದು ಜನ ತಿಳಿಯುತ್ತಾರೆ. ಆದ್ದರಿಂದ ಕನಿಷ್ಠ ಐದು ಮಂದಿಯಲ್ಲಿ ಕೈಗಳಿರಲಿ. ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಾಗಿರಲಿ. ಹೆಂಗಸರ ಕೈಯಲ್ಲಿ ಬೀಗದ ಕೈ ಇರುವ ಜಾಗಕ್ಕೆ ನಿಮ್ಮ ಮನೆಯ ಹುಡುಗಿಯನ್ನು ಕಳಿಸಲು ನೀವು ಹಿಂದೆಮುಂದೆ ನೋಡುವುದಿಲ್ಲ. ಬ್ಯಾಂಕಿನ ಖಾತೆಗೆ ಇಬ್ಬರ ರುಜು ಕಡ್ಡಾಯವಾಗಿರಲಿ. ತಿಂಗಳ ಜಮಾಖರ್ಚನ್ನು ಗೋಡೆಗೆ ಅಂಟಿಸಿರಿ. ಗೋಡೆಯ ಮೇಲಿನ ಲೆಕ್ಕ ಅರ್ಧ ಜಗಳವನ್ನು ಹುಟ್ಟುವ ಮೊದಲೇ ತಡೆಯುತ್ತದೆ. ಪದಾಧಿಕಾರಿಗಳು ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಕಟ್ಟಿದವರು ಕೆಳಗಿಳಿದ ಮೇಲೂ ನಡೆಯುವುದೇ ಸಂಸ್ಥೆ. ಅಲ್ಲಿಯವರೆಗೆ ಅದು ಗೆಳೆಯರ ಕೂಟ ಅಷ್ಟೇ.

ಐದನೆಯದು ಜೀವದ ಭದ್ರತೆ. ಇದರಲ್ಲಿ ದಾಕ್ಷಿಣ್ಯ ಕೂಡದು. ಅರ್ತಿಂಗ್ ಸರಿಯಿಲ್ಲದೆ ಒಂದು ಯಂತ್ರವನ್ನೂ ಚಾಲೂ ಮಾಡಬೇಡಿ. ವಿದ್ಯುತ್ತು ಸೋರಿದೊಡನೆ ತಾನೇ ಕಡಿಯುವ ಸ್ವಿಚ್ಚನ್ನು ಹಾಕಿಸಿರಿ. ಬೆಸುಗೆಗೆ ಗಾಳಿಯಾಡುವ ಜಾಗ, ಕಣ್ಣಿಗೆ ಕನ್ನಡಕ, ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರು ಇರಲೇಬೇಕು. ತಿರುಗುವ ಯಂತ್ರದ ಬಳಿ ಪಂಚೆಯ ಚುಂಗು, ಸೆರಗು, ದುಪಟ್ಟ, ಬಿಟ್ಟ ಕೂದಲು ಸುಳಿಯಬಾರದು. ಒಬ್ಬರೇ ಇರುವಾಗ ಲೇತ್ ಮುಟ್ಟಕೂಡದು. ಹೊಸಬರು ಹಳಬರ ಎದುರಿಗೆ ಒಮ್ಮೆ ಮಾಡಿ ತೋರಿಸಿದ ಮೇಲೆಯೇ ಯಂತ್ರ ಅವರ ಕೈಗೆ. ಮಕ್ಕಳ ಜೊತೆ ದೊಡ್ಡವರು ಇಬ್ಬರಿರಬೇಕು. ಇನ್ನೊಬ್ಬರ ಕಂಪ್ಯೂಟರಿಗೋ ಖಾತೆಗೋ ಅನುಮತಿಯಿಲ್ಲದೆ ಕೈಹಾಕುವವರಿಗೆ ಕುಲುಮೆಯಲ್ಲಿ ಜಾಗವಿಲ್ಲವೆಂದು ಗೋಡೆಯ ಮೇಲೆ ಬರೆದಿಡಿ. ಕೆಟ್ಟುಹೋದ ಶಬ್ದದ ಮಾನವನ್ನು ಅದು ಒಂದಿಷ್ಟಾದರೂ ಉಳಿಸೀತು.

ಮೊದಲ ವರ್ಷ ಏನು ಮಾಡಬೇಕೆಂಬ ಚಿಂತೆ ಬೇಡ. ಕೆಲಸ ತಾನಾಗಿಯೇ ಬರುತ್ತದೆ. ತಿಂಗಳಿಗೊಂದು ಭಾನುವಾರ ‘ರಿಪೇರಿ ಸಂತೆ’ ಇಡಿ. ನಿಂತ ಫ್ಯಾನು, ಮೂಕಾದ ರೇಡಿಯೋ, ಸುಟ್ಟ ಮಿಕ್ಸಿ ತಂದವರು ಪಕ್ಕದಲ್ಲಿ ಕುಳಿತು ತಾವೇ ತಿರುಪು ಬಿಚ್ಚಲಿ. ಕಂಪ್ಲಿಯ ಗದ್ದೆಯ ಪಂಪುಸೆಟ್ಟನ್ನು ಮೊಬೈಲಿನಿಂದ ನಡೆಸುವ ಬಗೆಯನ್ನು ಕಾಲೇಜು ಹುಡುಗರು ಕಲಿಯಲಿ; ಮೋಟಾರಿನ ವೈಂಡಿಂಗ್ ಗೊತ್ತಿರುವವರು ಅವರ ತಪ್ಪು ತಿದ್ದಲಿ. ರೇಡಿಯೋ ಪ್ರೀತಿಯುಳ್ಳವರು ಹವ್ಯಾಸಿ ಬಾನುಲಿಯ ಪರೀಕ್ಷೆಗೆ ಕೂಡಿ ಓದಲಿ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಆ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ವಾಚಕರೆ, ನಿಮ್ಮ ಬೀದಿಯಲ್ಲಿಯೇ ಒಬ್ಬ ನಿವೃತ್ತ ವೆಲ್ಡರರೋ, ಟರ್ನರರೋ, ರೇಡಿಯೋ ಮೆಕ್ಯಾನಿಕ್ಕರೋ ಇದ್ದಾರು. ಅವರ ಬಳಿ ಬರೆದಿಟ್ಟ ಪುಸ್ತಕವಿಲ್ಲ. ಅವರಿಗೆ ತಿಳಿದದ್ದು ಇನ್ನೊಬ್ಬರ ಕೈಗೆ ಬರಬೇಕಾದರೆ ಆ ಇನ್ನೊಬ್ಬರು ಅವರ ಪಕ್ಕದಲ್ಲಿ ನಿಲ್ಲಬೇಕು, ಬೇರೆ ದಾರಿಯಿಲ್ಲ. ಕೋಣೆ ಸಿಗಲಿ ಎಂದು ಕಾಯಬೇಡಿ, ನೋಂದಣಿಯಾಗಲಿ ಎಂದೂ ಕಾಯಬೇಡಿ. ಬರುವ ಗುರುವಾರ ಸಂಜೆ ಅವರನ್ನು ಮನೆಗೆ ಕರೆಯಿರಿ. ಮೇಜಿನ ಮೇಲೆ ಕೆಟ್ಟ ಯಂತ್ರವೊಂದಿರಲಿ, ಪಕ್ಕದಲ್ಲಿ ಚಹಾ ಇರಲಿ, ನಿಮ್ಮ ಮಗಳೋ ಮೊಮ್ಮಗನೋ ಎದುರಿಗೆ ನಿಂತಿರಲಿ. ಉಳಿದ ಐದಾರು ಮಂದಿ ಮುಂದಿನ ಗುರುವಾರಗಳಲ್ಲಿ ಬಂದು ಸೇರುತ್ತಾರೆ.